ಕೊರೋಚಿಯ ಮಗ್ಗದ ಶೆಡ್ಡಿನಲ್ಲಿ ಪೈಲಟ್‌ಗಳ ಪಾಠ ಕೇಳುವ ಶಾಲನ ಮಾವಶಿ

ಕೊಲ್ಹಾಪುರದ ಕಡೆಯ ಕೊರೋಚಿಯಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಇಚಲಕರಂಜಿ ರಸ್ತೆಯಿಂದ ಎರಡು ಓಣಿ ಒಳಗೆ, ತಗಡು ಹೊದಿಸಿದ ಉದ್ದನೆಯ ಶೆಡ್ಡೊಂದರಲ್ಲಿ ಟ್ಯೂಬ್‌ಲೈಟು ಉರಿಯುತ್ತಿದೆ. ಆಚೀಚಿನ ಶೆಡ್ಡುಗಳಲ್ಲಿ ರಾತ್ರಿ ಪಾಳಿಯ ಮಗ್ಗಗಳು ಇನ್ನೂ ಬಡಿದುಕೊಳ್ಳುತ್ತಿವೆ. ಇದರಲ್ಲಿ ಮಾತ್ರ ಮಗ್ಗಗಳಿಲ್ಲ. ಅವು ನಿಂತಿದ್ದ ಸಿಮೆಂಟ್ ಕಟ್ಟೆಗಳ ಮೇಲೆ ಈಗ ಹಲಗೆಯ ಮೇಜುಗಳಿವೆ. ಮೇಜುಗಳ ಮೇಲೆ ನಕಾಶೆ, ಸ್ಕೇಲು, ದಪ್ಪ ಪುಸ್ತಕಗಳು. ಬಾಗಿಲ ಹತ್ತಿರ ಚಾಪೆ ಹಾಸಿಕೊಂಡು ಇಲ್ಲಿಗೆ ಬರುವ ಮಕ್ಕಳು ಮಾವಶಿ, ಅಂದರೆ ತಾಯಿಯ ಸೋದರಿ, ಎಂದು ಕರೆಯುವ ಶಾಲನ ಮಗದುಮ್ ಬೆಳ್ಳುಳ್ಳಿ ಸುಲಿಯುತ್ತಿದ್ದಾರೆ. ಅವರ ಎದುರಿಗೆ, ಪುಸ್ತಕ ಮುಚ್ಚಿ ಬದಿಗಿಟ್ಟು, ಚಂದಗಡದ ಸ್ವಪ್ನಿಲ ಕುಳಿತಿದ್ದಾನೆ. ಪೈಲಟ್ ಆಗಬೇಕೆಂದು ಹೊರಟವನು. ಲೈಸನ್ಸಿನ ಲಿಖಿತ ಪರೀಕ್ಷೆ ಮುಂದಿನ ವಾರ.

ವಿಮಾನ ಎಷ್ಟು ಎತ್ತರದಲ್ಲಿದೆ ಎಂದು ತೋರಿಸುವ ಯಂತ್ರದ ಬಗ್ಗೆ ಸ್ವಪ್ನಿಲ ಹೇಳುತ್ತಿದ್ದಾನೆ. ಒಂದು ಸಲ ಹೇಳಿ ಮುಗಿಸಿದ. ಅವನ ಮುಖವನ್ನೇ ನೋಡುತ್ತಿದ್ದ ಶಾಲನ ಇಲ್ಲವೆಂದು ತಲೆಯಾಡಿಸಿದರು.

"ತಿಳೀಲಿಲ್ಲಪಾ."

ಸ್ವಪ್ನಿಲ ಬೇಸರಪಟ್ಟುಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಮೇಲಿನ ತಗಡು ನೋಡಿದ. ಆಮೇಲೆ ಮತ್ತೆ ಶುರುಮಾಡಿದ. "ಮಾವಶಿ, ನಾ ಕೌದಿ ಹೊದ್ದು ಮಲಗೇನಿ ಅಂತ ತಿಳಕೋರಿ. ಒಂದರ ಮ್ಯಾಲ ಒಂದು, ಭಾಳ ಕೌದಿ. ಮೈಮ್ಯಾಲಿನ ಭಾರ ನೋಡಿ, ಮ್ಯಾಲ ಇನ್ನೂ ಎಷ್ಟು ಕೌದಿ ಅದಾವ ಅಂತ ಹೇಳ್ತೇನಿ. ಈ ಯಂತ್ರನೂ ಹಂಗ. ಮ್ಯಾಲಿನ ಗಾಳಿ ಭಾರ ನೋಡಿ, ನೀ ಇಷ್ಟು ಎತ್ತರಕ್ಕ ಅದೀ ಅಂತ ಹೇಳ್ತದ."

"ಹೂಂ. ಮುಂದ?"

"ಒಂದೊಂದು ಊರಾಗ ಗಾಳಿನ ಹಗುರ ಇರ್ತದ. ಕೌದಿ ಅಷ್ಟ ಅದಾವ, ಆದ್ರ ತೆಳ್ಳಗಿನವು. ಯಂತ್ರಕ್ಕ ಅದು ಗೊತ್ತಾಗೂದಿಲ್ಲ. ಭಾರ ಕಡಿಮಿ ಆತು, ಹಂಗಾರ ನಾವು ಮ್ಯಾಲ ಬಂದೇವಿ ಅಂತ ತಿಳಕೋತದ. ಖರೇ ನೋಡಿದ್ರ ನಾವು ತೆಳಗ ಇರ್ತೇವಿ."

"ತೆಳಗ ಇದ್ರ ಏನಾಗ್ತೈತಿ?"

"ಮುಂದ ಗುಡ್ಡ ಇರ್ತದ್ರಿ, ಮಾವಶಿ."

ಶಾಲನ ಬೆಳ್ಳುಳ್ಳಿ ಕೆಳಗಿಟ್ಟರು. "ಅಯ್ಯ ಶಿವನ. ಹಂಗಾರ ಹಾರೂಕಿಂತ ಮೊದಲ ಆ ಊರಿನ ಗಾಳಿ ಎಷ್ಟು ಭಾರ ಐತಿ ಅಂತ ಕೇಳಬೇಕಲಾ?"

"ಅದನ್ನ ಕೇಳಿ ಯಂತ್ರ ಸರಿ ಮಾಡ್ಕೊಳ್ಳೂದು. ಅದ ಇವತ್ತಿನ ಪಾಠ."

"ಈಗ ತಿಳೀತು ನೋಡು. ಹೋಗು, ಚಾ ಕುಡಿ."

ಶಾಲನ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವರು. ಇಂಗ್ಲಿಷ್ ಓದಲು ಬರುವುದಿಲ್ಲ. ವಿಮಾನವನ್ನು ಹತ್ತಿರದಿಂದ ನೋಡಿದ್ದು ಒಮ್ಮೆ ಮಾತ್ರ, ಉಜಳಾಯಿವಾಡಿಯ ವಿಮಾನ ನಿಲ್ದಾಣದ ಬೇಲಿಯ ಆಚೆಯಿಂದ. ಆದರೆ ಕೊಲ್ಹಾಪುರ, ಗಡಹಿಂಗ್ಲಜ, ಚಂದಗಡದ ಕಡೆಯಿಂದ ಪೈಲಟ್ ಆಗಲು ಹೋದ ಕೆಲವು ಮಕ್ಕಳು ತಮ್ಮ ಪರೀಕ್ಷೆಯ ದಿನಗಳು ಬಂದಾಗ ಈ ಶೆಡ್ಡಿಗೆ ಬಂದು ಕೂರುತ್ತಾರೆ. ಓದಿದ್ದನ್ನು ಶಾಲನರಿಗೆ ಹೇಳುತ್ತಾರೆ. ಅವರಿಗೆ ತಿಳಿಯುವವರೆಗೂ ಹೇಳುತ್ತಾರೆ. ಅಷ್ಟೇ ಇಲ್ಲಿಯ ಶಿಕ್ಷಣ.

ಶಾಲನ ಹುಟ್ಟಿದ್ದು ಗಡಹಿಂಗ್ಲಜದ ಹತ್ತಿರದ ಹಳ್ಳಿಯಲ್ಲಿ, ಒಕ್ಕಲುತನದ ಲಿಂಗಾಯತ ಮನೆಯಲ್ಲಿ. ಮದುವೆಯಾಗಿ ಕೊರೋಚಿಗೆ ಬಂದರು. ಗಂಡ ಕೃಷ್ಣಾತ ಮಗ್ಗ ರಿಪೇರಿ ಮಾಡುವ ಜಾಬರ್. ಮದುವೆಯಾದ ವರ್ಷವೇ ಶಾಲನ ಕೂಡ ಅದೇ ಶೆಡ್ಡಿನಲ್ಲಿ ಕಾಂಡಿ ಸುತ್ತುವ ಕೆಲಸಕ್ಕೆ ಹತ್ತಿದರು. ಲಾಳಿಯೊಳಗೆ ಕೂರುವ ಪುಟ್ಟ ಕಡ್ಡಿಗೆ ನೂಲು ತುಂಬುವ ಕೆಲಸ ಅದು. ಮಗ್ಗಗಳ ಸದ್ದಿನಲ್ಲಿ ಮೂವತ್ತು ವರ್ಷದ ಹತ್ತಿರ ಹತ್ತಿರ ಕುಳಿತರು. ನಿಧಾನವಾಗಿ ಕಿವಿ ಮಂದವಾಯಿತು.

"ಯಾವಾಗ ಹೋತು ಅಂತ ಗೊತ್ತಾಗಲಿಲ್ರಿ," ಎನ್ನುತ್ತಾರೆ. "ಮದಲ ಗುಬ್ಬಿ ದನಿ ಹೋತು. ಆಮ್ಯಾಲ ಕುಕ್ಕರ್ ಸೀಟಿ. ಮಂದಿ ಬಾಯಿ ನೋಡಿ ಮಾತು ತಿಳಕೊಳ್ಳೂದು ನಮಗ ರೂಢಿ ಆಗಿತ್ತು. ಗಿರಣಿಯೊಳಗ ಎಲ್ಲಾರೂ ಹಂಗ ಮಾತಾಡೂದು. ಹಂಗಾಗಿ ಏನೂ ಕಡಿಮಿ ಆಗೇತಿ ಅಂತ ಅನಿಸಲಿಲ್ಲ."

ಶೆಡ್ಡಿನ ಮಾಲೀಕರು ಜಿನೇಂದ್ರ ಚೌಗುಲೆ, ಬಟ್ಟೆ ವ್ಯಾಪಾರದ ಜೈನ ಮನೆತನದವರು. ಹಳೆಯ ಮಗ್ಗಗಳು ಹೊಸ ಯಂತ್ರಗಳ ಮುಂದೆ ನಿಲ್ಲದಾದಾಗ ಅವರು ಮಗ್ಗಗಳನ್ನು ಗುಜರಿಗೆ ಹಾಕಿದರು. ಕೃಷ್ಣಾತರನ್ನು ಮಾತ್ರ ಕಾವಲಿಗೆ ಉಳಿಸಿಕೊಂಡರು. ಶೆಡ್ಡಿನ ಹಿಂದಿನ ಎರಡು ಕೋಣೆಯಲ್ಲಿ ಗಂಡ ಹೆಂಡತಿ ಇದ್ದರು. ಮುಂದೆ ಅಷ್ಟು ದೊಡ್ಡ ಶೆಡ್ಡು ಖಾಲಿ ಬಿದ್ದಿತ್ತು. ಕಟ್ಟೆಗಳ ಮೇಲೆ ಎಣ್ಣೆಯ ಕಲೆ, ಗೋಡೆಗೆ ಅಂಟಿದ ಹತ್ತಿಯ ಧೂಳು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ರುತುಜಾ ಬಂದದ್ದು ಆಗ.

ರುತುಜಾ ಶಾಲನರ ತಂಗಿ ಕಾಂಚನಳ ಮಗಳು. ಗಡಹಿಂಗ್ಲಜದವಳು. ತಂದೆ ಸಾತಪ್ಪ ಕಬ್ಬು, ಮೆಣಸಿನಕಾಯಿ ಬೆಳೆಯುವ ರೈತ. ಮಗಳು ಹನ್ನೆರಡನೆಯದು ಮುಗಿಸಿ ಪೈಲಟ್ ಆಗುತ್ತೇನೆ ಎಂದಾಗ ಸಾತಪ್ಪ ಬೇಡ ಎನ್ನಲಿಲ್ಲ. ಊರಿನ ಸೊಸೈಟಿಯ ಕಟ್ಟೆಯ ಮೇಲೆ ಕುಳಿತವರು ನಕ್ಕರೂ ಹಿಂದೆ ಸರಿಯಲಿಲ್ಲ. ದೂರದ ಫ್ಲೈಯಿಂಗ್ ಸ್ಕೂಲಿಗೆ ಸೇರಿಸಿದರು. ಅವಳು ಹಾರಲು ಬೇಗ ಕಲಿತಳು. ಕೈ ಸ್ಥಿರ, ಧೈರ್ಯ ಇದೆ ಎಂದು ಕಲಿಸುವವರು ಹೊಗಳಿದರು. ಆದರೆ ಪರೀಕ್ಷೆ ದಾಟಲಿಲ್ಲ. ನೂರಕ್ಕೆ ಎಪ್ಪತ್ತು ಬರಲೇಬೇಕು. ಹವಾಮಾನ, ಕಾಯಿದೆ, ಎಂಜಿನ್ನು ಹೇಗೋ ಪಾರಾದವು. ದಾರಿ ಹುಡುಕುವ ಶಾಸ್ತ್ರ, ನ್ಯಾವಿಗೇಷನ್, ಎರಡು ಸಲ ಕೈಕೊಟ್ಟಿತು.

"ಮನಿಯೊಳಗ ಓದಾಕ ಆಗ್ತಿರಲಿಲ್ಲ," ಎಂದು ರುತುಜಾ ಫೋನಿನಲ್ಲಿ ನನಗೆ ಹೇಳುತ್ತಾಳೆ. ಈಗ ಒಂದು ವಿಮಾನ ಕಂಪನಿಯಲ್ಲಿ ಸಹ ಪೈಲಟ್ ಆಗಿರುವ ಅವಳಿಗೆ ಮಾತಾಡಲು ಬಿಡುವು ಸಿಕ್ಕಿದ್ದು ನಾನು ಮೂರನೆಯ ಸಲ ಫೋನ್ ಮಾಡಿದಾಗ. "ಬಂದವರೆಲ್ಲಾ ಪಾಸಾತೇನು, ಪಾಸಾತೇನು ಅಂತ ಕೇಳೂದು. ಅವ್ವ ಒಳಗ ಹೋಗಿ ಭಾಂಡೆ ಸಪ್ಪಳ ಮಾಡೂದು. ಅದಕ ಮಾವಶಿ ಮನಿಗೆ ಓಡಿ ಬಂದೆ. ಖಾಲಿ ಶೆಡ್ ಐತಿ, ಯಾರೂ ಮಾತಾಡ್ಸಂಗಿಲ್ಲ ಅಂತ."

ಅವಳ ಓದಿನ ರೀತಿ ಆ ಪರೀಕ್ಷೆಗೆ ಕೂರುವ ಬಹಳಷ್ಟು ಜನರದ್ದೇ. ಹಳೆಯ ಪ್ರಶ್ನೆಗಳ ದೊಡ್ಡ ಕಟ್ಟು ಇಟ್ಟುಕೊಂಡು ಪ್ರಶ್ನೆ ನೋಡುವುದು, ಉತ್ತರ ನೋಡುವುದು, ಮತ್ತೆ ಪ್ರಶ್ನೆ. ಕೊನೆಕೊನೆಗೆ ಪ್ರಶ್ನೆಯ ಮೊದಲ ಎರಡು ಪದ ನೋಡಿದರೆ ಸಾಕು, ಉತ್ತರ ನಾಲಗೆಯ ಮೇಲೆ ಬರುತ್ತಿತ್ತು. ಪರೀಕ್ಷೆಯಲ್ಲಿ ಅಂಕಿ ಬದಲಾಗಿ ಬಂದರೆ ಕೈ ನಿಲ್ಲುತ್ತಿತ್ತು.

ಒಂದು ಸಂಜೆ ರುತುಜಾ ಶೆಡ್ಡಿನಲ್ಲಿ ಅತ್ತಿಂದಿತ್ತ ನಡೆಯುತ್ತ ಬಾಯಿಪಾಠ ಮಾಡುತ್ತಿದ್ದಳು. ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಶಾಲನರಿಗೆ ಅವಳು ತಮಗೇ ಏನೋ ಹೇಳುತ್ತಿದ್ದಾಳೆ ಎನಿಸಿತು. "ಏನ ಅಂದಿ? ಕೇಳಿಸಲಿಲ್ಲ" ಎಂದರು. ರುತುಜಾ ಇನ್ನೊಮ್ಮೆ ಹೇಳಿದಳು. "ತಿಳೀಲಿಲ್ಲ." ಹತ್ತಿರ ಬಂದು, ಮುಖ ತೋರಿಸಿ, ಬಿಡಿಸಿ ಹೇಳಿದಳು: ಕಂಪಾಸಿನ ಮುಳ್ಳು ತೋರಿಸುವ ಉತ್ತರ ದಿಕ್ಕು ಬೇರೆ, ನಕಾಶೆಯ ಉತ್ತರ ಬೇರೆ, ಎರಡರ ನಡುವಿನ ಅಂತರವನ್ನು ಲೆಕ್ಕದಲ್ಲಿ ಹಿಡಿಯಬೇಕು.

"ಬ್ಯಾರೆ ಯಾಕ?" ಎಂದು ಶಾಲನ ಕೇಳಿದರು. ಮುಳ್ಳು ಉತ್ತರ ತೋರಿಸುತ್ತದೆ ಎಂದಷ್ಟೇ ಅವರು ಕೇಳಿದ್ದರು, ನಿಜಕ್ಕೂ ಆಶ್ಚರ್ಯವಾಗಿತ್ತು.

ರುತುಜಾ ಪ್ರಶ್ನೆಗಳ ಕಟ್ಟು ತಿರುವಿದಳು. ಕಾರಣ ಅದರಲ್ಲಿ ಇರಲಿಲ್ಲ.

"ಆ ಪ್ರಶ್ನಿ ನಾ ನೂರಾರು ಸಲ ಬಿಡಿಸಿದ್ದೆ," ಎನ್ನುತ್ತಾಳೆ ರುತುಜಾ. "ಉತ್ತರ ಬರ್ತಿತ್ತು. ಆದ್ರ ಯಾಕ ಅಂತ ಯಾರೂ ಕೇಳಿರಲಿಲ್ಲ, ನಾನೂ ಕೇಳ್ಕೊಂಡಿರಲಿಲ್ಲ. ಮಾವಶಿಗೆ ಕಿವಿ ಚಲೋ ಇದ್ದಿದ್ರ ಹೂಂ ಅಂದು ಬಿಡ್ತಿದ್ಲು. ನಾನೂ ಮುಂದಿನ ಪ್ರಶ್ನಿಗೆ ಹೋಗ್ತಿದ್ದೆ."

ಆ ಸಂಜೆ ರುತುಜಾ ಪ್ರಶ್ನೆಗಳ ಕಟ್ಟು ಎತ್ತಿಟ್ಟು ಮೂಲ ಪುಸ್ತಕ ತೆಗೆದಳು. ಮರುದಿನ ಬೆಳಗ್ಗೆ ಭೂಮಿಯೇ ಒಂದು ದೊಡ್ಡ ಅಯಸ್ಕಾಂತವಿದ್ದ ಹಾಗೆ, ಆ ಅಯಸ್ಕಾಂತದ ತುದಿ ನಕಾಶೆಯ ತುದಿಯ ಮೇಲೆ ಸರಿಯಾಗಿ ಕೂರುವುದಿಲ್ಲ ಎಂದು ಮಾವಶಿಗೆ ಹೇಳಿದಳು. ಬಾಳೆಹಣ್ಣಿನೊಳಗೆ ಕಡ್ಡಿ ಓರೆಯಾಗಿ ಚುಚ್ಚಿ ತೋರಿಸಿದಳು. ಶಾಲನ ಕಡ್ಡಿ ತೆಗೆದು ಬಾಳೆಹಣ್ಣು ತಿಂದರು. "ತಿಳೀತು" ಎಂದರು. ಅಂದಿನಿಂದ ದಿನವೂ ಬೆಳಗ್ಗೆ ಅದೇ ರೂಢಿಯಾಯಿತು. ಹಿಂದಿನ ದಿನ ಓದಿದ್ದನ್ನು ಪುಸ್ತಕ ನೋಡದೆ, ಮನೆಯ ಮಾತಿನಲ್ಲಿ ಹೇಳಬೇಕು. ಹೇಳಲು ಬಾರದ್ದನ್ನು ಅಂದೇ ಮತ್ತೆ ಓದಬೇಕು.

ಪರೀಕ್ಷೆಗೆ ಇನ್ನೂ ಸಮಯವಿರುವಾಗಲೇ ಸಾತಪ್ಪ ಮಗಳನ್ನು ಕರೆದುಕೊಂಡು ಹೋಗಲು ಬಂದರು. ಮೋಟಾರ್‌ಸೈಕಲ್ ನಿಲ್ಲಿಸಿ ಒಳಗೆ ಬಂದವರು ನೀರು ಕೂಡ ಕುಡಿಯಲಿಲ್ಲ ಎಂದು ಶಾಲನ ನೆನೆಯುತ್ತಾರೆ.

"ಅಕ್ಕಾರ, ಇಷ್ಟ ಸಾಕು ಅಂತ ಮನಿಯೊಳಗ ಠರಾವ ಆತ್ರಿ. ಎರಡ ಸಲ ಆತು. ಮೂರನೇದು ಆದ್ರ ಹುಡುಗಿ ಪೂರ್ತಿ ಕುಸೀತಾಳ. ಈಗ ಬಂದ್ರ ಬಿ.ಎಸ್ಸಿಗಾದ್ರೂ ಹೆಸರು ಹಚ್ಚಬಹುದು."

ರುತುಜಾ ಒಳಗೆ ಹೋಗಿ ಬಟ್ಟೆ ಮಡಚಲು ಶುರುಮಾಡಿದಳು. ಅವಳನ್ನು ನೋಡಿ ಕೃಷ್ಣಾತ "ಅಸೂ ದ್ಯಾ, ಹೋಗ್ಲಿ ಬಿಡು" ಎಂದು ಹೆಂಡತಿಗೆ ಕೈಸನ್ನೆ ಮಾಡಿದರು. ಶಾಲನ ಬಿಡಲಿಲ್ಲ.

"ಸಾತಪ್ಪ, ಕುಂದರ್ರಿ. ಹೋಗೂದು ಹೋಗ್ರಿ. ಇವತ್ತಿನ ಪಾಠ ಹೇಳೂದು ಉಳದೈತಿ. ಅದನ್ನ ಕೇಳಿ ಹೋಗ್ರಿ. ಇಷ್ಟು ದಿನ ಆಕಿ ಏನ ಓದ್ತಾಳ ಅಂತ ನೀವು ಒಂದ ಸಲರೆ ಕೇಳೀರೇನು?"

ಸಾತಪ್ಪ ಚಾಪೆಯ ಮೇಲೆ ಕುಳಿತರು. ರುತುಜಾ ಕಣ್ಣು ಒರೆಸಿಕೊಂಡು ಬಂದು ಎದುರಿಗೆ ಕುಳಿತಳು. ಅಡ್ಡಗಾಳಿ ಬೀಸುವಾಗ ವಿಮಾನದ ಮೂತಿಯನ್ನು ಎತ್ತ ತಿರುಗಿಸಬೇಕು ಎನ್ನುವುದು ಅಂದಿನ ಪಾಠ. ಅಪ್ಪನ ಮುಂದೆ ಅವಳ ಬಾಯಲ್ಲಿ ಬರೀ ಪುಸ್ತಕದ ಇಂಗ್ಲಿಷ್ ಬಂತು. ಹೆಡಿಂಗ್, ಟ್ರ್ಯಾಕ್, ಡ್ರಿಫ್ಟ್. ಸಾತಪ್ಪ ನೆಲ ನೋಡುತ್ತ ಕುಳಿತಿದ್ದರು. ಶಾಲನ ತಲೆಯಾಡಿಸಿದರು. "ತಿಳೀಲಿಲ್ಲವಾ."

ರುತುಜಾ ನಿಲ್ಲಿಸಿದಳು. ಆಮೇಲೆ ಅವಳು ಅಪ್ಪನ ಕಡೆ ತಿರುಗಿದಳು.

"ಅಪ್ಪಾ, ನೀ ಸಣ್ಣಾವಿದ್ದಾಗ ಎಮ್ಮಿ ಹೊಡಕೊಂಡು ಹಿರಣ್ಯಕೇಶಿ ಹೊಳಿ ದಾಟತಿದ್ದೆಲಾ. ಆಚಿ ದಂಡಿ ಮ್ಯಾಲ ಹುಣಸಿ ಗಿಡ ಐತಿ. ಅಲ್ಲಿಗೆ ಮುಟ್ಟಬೇಕು. ಗಿಡದ ಕಡೆ ಮಾರಿ ಮಾಡಿ ಈಜ್ತಿದ್ದೇನು?"

ಸಾತಪ್ಪ ತಲೆ ಎತ್ತಿದರು. "ಇಲ್ಲವಾ. ಹಂಗ ಮಾಡಿದ್ರ ನೀರು ಜಗ್ಗಿ ತೆಳಗ ಒಯ್ತೈತಿ. ಗಿಡ ಬಿಟ್ಟು ಮ್ಯಾಲ ಮಾರಿ ಮಾಡಬೇಕು. ಆವಾಗ ಸೀದಾ ಗಿಡಕ್ಕ ಹತ್ತತೇವಿ."

"ನೀರು ಜೋರ ಇದ್ರ?"

"ಇನ್ನೂ ಮ್ಯಾಲ ತಿರುಗಬೇಕು. ಹೊತ್ತೂ ಹೆಚ್ಚು ಹಿಡೀತೈತಿ."

"ಗಾಳಿನೂ ನೀರಿನಂಗ ಹರೀತೈತಿ, ಅಪ್ಪಾ. ನಾ ಗಡಹಿಂಗ್ಲಜಕ್ಕ ಬರಬೇಕಂದ್ರ ವಿಮಾನದ ಮೂತಿ ಗಡಹಿಂಗ್ಲಜಕ್ಕ ಇರಂಗಿಲ್ಲ. ಗಾಳಿ ಎತ್ತಲಿಂದ ಬರಾಕತ್ತೈತಿ, ಆ ಕಡೆ ಚೂರು ತಿರುಗಿರ್ತೈತಿ. ಎಷ್ಟು ತಿರುಗಿಸಬೇಕು, ಎಷ್ಟು ಹೊತ್ತು ಹೆಚ್ಚು ಹಿಡೀತೈತಿ, ಅದಕ ಡೀಸೆಲ್‌ನಂಥಾ ಎಣ್ಣಿ ಎಷ್ಟು ಹೆಚ್ಚು ಬೇಕು, ಇದ ನನ್ನ ಲೆಕ್ಕ."

ಹೇಳುತ್ತ ಹೇಳುತ್ತ ಅವಳು ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದಿದ್ದಳು. ಒಂದು ಗೆರೆ ಗಾಳಿ, ಒಂದು ವಿಮಾನದ ಮೂತಿ, ಒಂದು ನಿಜವಾಗಿ ಸಾಗಿದ ದಾರಿ. ಮೂರೂ ಸೇರಿ ತ್ರಿಕೋನವಾಯಿತು. ಎರಡು ಸಲ ಅವಳನ್ನು ಬೀಳಿಸಿದ ಲೆಕ್ಕ ಅದೇ. "ಅವತ್ತು ನನ್ನ ಕೈಯಾಗ ಅದು ತಾನ ಕುಂತುಬಿಡ್ತು," ಎನ್ನುತ್ತಾಳೆ.

ಗಡಹಿಂಗ್ಲಜದ ಹೊಲದಲ್ಲಿ ನನಗೆ ಸಿಕ್ಕ ಸಾತಪ್ಪ ಆ ದಿನದ ಬಗ್ಗೆ ಹೇಳುವಾಗ ಗುದ್ದಲಿ ಕೆಳಗಿಡುತ್ತಾರೆ. "ನಾ ಫೀ ತುಂಬಿದ್ದೆ, ವಿಮಾನದ ಫೋಟೋ ನೋಡಿದ್ದೆ. ಮಗಳು ಏನ ಕಲ್ತಾಳ ಅನ್ನೂದು ಅವತ್ತ ತಿಳೀತ್ರಿ. ನನಗ ಗೊತ್ತಿದ್ದಿದ್ದನ್ನ ಆಕಿ ಆಕಾಶದಾಗ ಮಾಡಾಕತ್ತಾಳ ಅಂದ್ರ... ಮತ್ತ ಹೆಂಗ ಕರಕೊಂಡು ಬರಲಿ? ಒಬ್ಬನ ತಿರುಗಿ ಬಂದೆ. ಅಕ್ಕಾರ ಅವತ್ತ ನನ್ನ ಕುಂದರಸಿರಲಿಲ್ಲ ಅಂದ್ರ ನನ್ನ ಕೈಲೆ ನನ್ನ ಮಗಳ ದಾರಿ ಮುಚ್ಚತಿದ್ದೆ. ಆ ಉಪಕಾರ ನಾ ಹೆಂಗ ತೀರಸ್ಲಿ, ನೀವ ಹೇಳ್ರಿ."

ರುತುಜಾ ಆ ಸಲ ಪಾಸಾದಳು. ಫಲಿತಾಂಶ ಬಂದಾಗ ಅವಳು ಶೆಡ್ಡಿನಲ್ಲೇ ಇದ್ದಳು. ಫೋನಿನಲ್ಲಿ ನೋಡಿ ಕಿರುಚಿದಳಂತೆ. ಶಾಲನರಿಗೆ ಕೇಳಿಸಲಿಲ್ಲ, ಮುಖ ನೋಡಿ ತಿಳಿದುಕೊಂಡರು. ಕೃಷ್ಣಾತ "ಚಾಂಗಲ ಝಾಲ, ಚಲೋ ಆತು" ಎನ್ನುತ್ತ ಓಣಿಯವರಿಗೆಲ್ಲ ಪೇಡೆ ಹಂಚಿದರು.

ಪರೀಕ್ಷೆ ದಾಟಿದ್ದಕ್ಕಿಂತ ದೊಡ್ಡ ಮಾತೊಂದನ್ನು ರುತುಜಾ ಆಮೇಲೆ ಹೇಳಿದಳು. ಉಳಿದ ಹಾರಾಟ ಮುಗಿಸಲು ಫ್ಲೈಯಿಂಗ್ ಸ್ಕೂಲಿಗೆ ಮರಳಿದ್ದಳು. ಒಬ್ಬಳೇ ದೂರದ ಊರಿಗೆ ಹೋಗಿ ಇಳಿದು ಬರುವ ದಿನ ಬಂತು. ಹೊರಡುವಾಗ ಆಕಾಶ ತಿಳಿಯಾಗಿತ್ತು. ಅರ್ಧ ದಾರಿಯಲ್ಲಿ, ಗುಡ್ಡಗಳ ಸಾಲಿನ ಮುಂದೆ, ಮೋಡ ಕೆಳಗಿಳಿದು ನಿಂತಿತ್ತು. ಅದೇ ದಾರಿಯಲ್ಲಿ ಸ್ವಲ್ಪ ಮೊದಲು ಹೋದ ಜೊತೆಯವನು ನಿಲ್ಲದೆ ಮುಂದೆ ಸಾಗಿದ್ದ. ಅರ್ಧದಿಂದ ಹಿಂದಿರುಗಿದರೆ ಆ ಹಾರಾಟ ಲೆಕ್ಕಕ್ಕೆ ಬರುವುದಿಲ್ಲ, ಮತ್ತೆ ಮೊದಲಿನಿಂದ ಮಾಡಬೇಕು.

"ವಿಮಾನದೊಳಗ ನಾ ಒಬ್ಬಾಕಿನ. ಜೋರಾಗಿ ಮಾತಾಡಾಕ ಹತ್ತಿದೆ, ಮಾವಶಿ ಎದುರಿಗೆ ಕುಂತಾಳ ಅನ್ನೂವಂಗ. ಮೋಡ ಇಷ್ಟು ತೆಳಗ ಐತಿ. ಗುಡ್ಡ ಇಷ್ಟು ಎತ್ತರ ಐತಿ. ನಡುವ ಎಷ್ಟು ಜಾಗ ಐತಿ? ಹೇಳಾಕ ಬರಲಿಲ್ಲ. ಆಚಿ ಕಡೆ ಏನೈತಿ? ಹೇಳಾಕ ಬರಲಿಲ್ಲ. ಹಂಗಾರ ನನಗ ತಿಳಿದಿಲ್ಲ. ಶೆಡ್ಡಿನ್ಯಾಗ ನಾ ಅದನ್ನ ಕಲ್ತಿದ್ದೆ. ತಿಳೀದಿದ್ರ ತಿಳೀಲಿಲ್ಲ ಅನ್ನಾಕ ನಾಚಿಕಿ ಪಡಬಾರ್ದು. ವಿಮಾನ ತಿರುಗಿಸಿದೆ."

ಅವಳು ಮರಳಿ ಇಳಿದಾಗ ಕೆಲವರು ಗೇಲಿ ಮಾಡಿದರು. ಮುಂದೆ ಹೋದವನು ಮೋಡದೊಳಗೆ ದಾರಿ ತಪ್ಪಿ, ಎಣ್ಣೆ ಮುಗಿಯುವ ಹೊತ್ತಿಗೆ ಬೇರೆಲ್ಲೋ ಇಳಿದಿದ್ದಾನೆ ಎಂಬ ಸುದ್ದಿ ಸಂಜೆ ಬಂತು. ಅವನೂ ಉಳಿದ, ಸುರಕ್ಷಿತವಾಗಿದ್ದ. ಗೇಲಿ ನಿಂತಿತು. ರುತುಜಾ ಅಂದು ಮಾವಶಿಗೆ ವೀಡಿಯೊ ಕಾಲ್ ಮಾಡಿದಳು, ಬಾಯಿ ಕಾಣಬೇಕಲ್ಲ ಎಂದು. ನಡೆದದ್ದನ್ನೆಲ್ಲ ಹೇಳಿದಳು. ಶಾಲನ ಕೇಳಿಸಿಕೊಂಡು, ಊಟ ಮಾಡಿದೆಯಾ ಎಂದು ಕೇಳಿದರಂತೆ.

ರುತುಜಾಳ ಸುದ್ದಿ ಹೀಗೆ ಹರಡಿತು. ಅವಳ ಫ್ಲೈಯಿಂಗ್ ಸ್ಕೂಲಿನ ಗೆಳತಿಯೊಬ್ಬಳು ರಜೆಯಲ್ಲಿ ಬಂದು ಕುಳಿತಳು. ಆಮೇಲೆ ಕೊಲ್ಹಾಪುರದ ಇಬ್ಬರು. ಕೃಷ್ಣಾತ ಹಳೆಯ ಮಗ್ಗದ ಕಟ್ಟಿಗೆಯಿಂದ ಮೇಜು ಮಾಡಿದರು. ಆ ಹೊತ್ತಿಗೆ ಶೆಡ್ಡನ್ನು ಗೋಡೌನಿಗೆ ಕೇಳಿಕೊಂಡು ಒಬ್ಬ ವ್ಯಾಪಾರಿ ಬಂದಿದ್ದ. ಜಿನೇಂದ್ರ ಶೇಠ್ ಒಂದು ಬೆಳಗ್ಗೆ ಜಾಗ ತೋರಿಸಲು ಅವನನ್ನು ಕರೆತಂದರು. ಒಳಗೆ ಒಬ್ಬ ಹುಡುಗಿ ಶಾಲನರಿಗೆ ಮಂಜು ಹೇಗೆ ಕಟ್ಟುತ್ತದೆ ಎಂದು ಹೇಳುತ್ತಿದ್ದಳು. ಶೇಠ್ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದರು. ವ್ಯಾಪಾರಿಯನ್ನು ಹಾಗೇ ಕಳಿಸಿಕೊಟ್ಟರು.

"ಮಗ್ಗ ತೆಗದ ಮ್ಯಾಲ ಈ ಕಡೆ ಬರಾಕ ಮನಸ ಆಗ್ತಿರಲಿಲ್ಲ," ಎನ್ನುತ್ತಾರೆ ಶೇಠ್. "ನಮ್ಮ ಅಜ್ಜಾರು ಕಟ್ಟಿಸಿದ ಶೆಡ್. ಹೆಣ ಬಿದ್ದಂಗ ಬಿದ್ದಿತ್ತು. ಈಗ ದಿನಾ ಬೆಳಿಗ್ಗೆ ಬಸದಿಗೆ ಹೋಗಿ ಬರುವಾಗ ಒಂದ ಸಲ ಹಣಕಿ ಹಾಕ್ತೇನಿ. ಶಾಲನಬಾಯಿ ಈ ಜಾಗಾಕ ಮತ್ತ ಜೀವ ತಂದಾರ."

ಈ ಶೆಡ್ಡಿಗೆ ಹೆಸರಿಲ್ಲ, ಫಲಕವಿಲ್ಲ. ಸುತ್ತಲಿನವರು ಅಭ್ಯಾಸಿಕಾ, ಅಂದರೆ ಓದುವ ಕೋಣೆ, ಎನ್ನುತ್ತಾರೆ. ಇಲ್ಲಿಯ ರೂಢಿಗಳು ತಾವಾಗಿಯೇ ಬೆಳೆದವು. ಬೆಳಗ್ಗೆ ಶಾಲನರಿಗೆ ಪಾಠ ಹೇಳುವಾಗ ಫೋನು ಕೃಷ್ಣಾತರ ಹತ್ತಿರ ಇರಬೇಕು. ಹಳೆಯ ಪ್ರಶ್ನೆಗಳನ್ನು ಮುಟ್ಟುವುದು ಪಾಠ ಮಾವಶಿಗೆ ತಿಳಿದ ಮೇಲೆಯೇ. ತಪ್ಪಾದ ಲೆಕ್ಕವನ್ನು ಹರಿದು ಎಸೆಯಬಾರದು. ಎಲ್ಲಿ ತಪ್ಪಿತು ಎಂದು ಮರುದಿನ ಎಲ್ಲರ ಮುಂದೆ ಹೇಳಬೇಕು. ರಾತ್ರಿ ಊಟವಾದ ಮೇಲೆ ದೀಪ ಆರಿಸುತ್ತಾರೆ, ಮೇಜಿನ ಮೇಲೆ ಜೋತುಬಿದ್ದು ಓದಲು ಬಿಡುವುದಿಲ್ಲ. ಶಾಲನರ ಪ್ರಕಾರ ನಿದ್ದೆಗೆಟ್ಟವರು ನೂಲು ಹರಿಯುತ್ತಾರೆ. ಗಿರಣಿಯಲ್ಲಿ ಅದನ್ನು ಅವರು ಬಹಳ ನೋಡಿದ್ದಾರೆ.

ಸ್ವಪ್ನಿಲನ ಕಷ್ಟ ಬೇರೆ ಥರದ್ದು. ಅವನ ತಂದೆ ಚಂದಗಡದ ಬಸ್ ಡಿಪೊದಲ್ಲಿ ಮೆಕ್ಯಾನಿಕ್. ಹುಡುಗ ಬುದ್ಧಿವಂತ, ಆದರೆ ಮಾತು ನುಂಗುತ್ತಾನೆ. ಪೈಲಟ್‌ಗಳು ರೇಡಿಯೊದಲ್ಲಿ ಮಾತಾಡುವ ಪರೀಕ್ಷೆಯೂ ಇರುತ್ತದೆ. ನೆಲದ ಮೇಲಿನವರು ಹೇಳಿದ್ದನ್ನು ಒಂದಕ್ಷರ ಬಿಡದೆ ತಿರುಗಿ ಹೇಳಬೇಕು, ಅದೂ ಒಂದೇ ಸಲಕ್ಕೆ ತಿಳಿಯುವ ಹಾಗೆ. ಸ್ವಪ್ನಿಲ ಅದರಲ್ಲಿ ಒಮ್ಮೆ ಸೋತು ಬಂದಿದ್ದ. ಗಾಬರಿಯಾದರೆ ಅವನ ಮಾತು ಒಂದರೊಳಗೊಂದು ಸೇರಿಬಿಡುತ್ತಿತ್ತು.

"ಮೊದಲ ವಾರ ಮಾವಶಿ ನನಗ ಒಂದ ಸಲನೂ ತಿಳೀತು ಅನ್ನಲಿಲ್ಲ," ಎಂದು ಅವನು ನಗುತ್ತಾನೆ. "ಸಿಟ್ಟು ಬರ್ತಿತ್ತು. ಮುಖ ಎತ್ತು, ಬಾಯಿ ಬಿಡು, ಒಂದ ಸಲಕ್ಕ ಒಂದ ಮಾತು ಹೇಳು ಅನ್ನೂದು. ಪಕ್ಕದ ಮಗ್ಗದ ಸಪ್ಪಳ ಬ್ಯಾರೆ. ಆಮ್ಯಾಲ ನಿಧಾನ ಆದೆ. ಈಗ ಅವ್ವಗ ಫೋನ್ ಮಾಡಿದ್ರ, ಏನಪಾ ಭಾಳ ಚಂದ ಮಾತಾಡಾಕತ್ತೀ, ಏನ ಬೇಕಾಗೇತಿ ಅಂತಾಳ."

ರುತುಜಾ ಕೆಲಸಕ್ಕೆ ಸೇರಿದ ಮೇಲೆ ಮಾವಶಿಯನ್ನು ಕೊಲ್ಹಾಪುರದ ಕಿವಿ ಡಾಕ್ಟರ ಹತ್ತಿರ ಕರೆದೊಯ್ದು ಶ್ರವಣಯಂತ್ರ ಹಾಕಿಸಿದ್ದಾಳೆ. ಶಾಲನ ಅದನ್ನು ಸಂತೆಗೆ, ಮದುವೆಗೆ ಹಾಕಿಕೊಳ್ಳುತ್ತಾರೆ. ಗುಬ್ಬಿ ದನಿ ಮತ್ತೆ ಕೇಳಿದ ದಿನ ಅಂಗಳದಲ್ಲಿ ಬಹಳ ಹೊತ್ತು ನಿಂತಿದ್ದರಂತೆ. ಆದರೆ ಬೆಳಗ್ಗೆ ಮಕ್ಕಳು ಪಾಠ ಹೇಳುವಾಗ ಬಿಚ್ಚಿ ಡಬ್ಬಿಯಲ್ಲಿಡುತ್ತಾರೆ. "ಅದನ್ನ ಹಾಕ್ಕೊಂಡ್ರ ಇವರು ಗುಣುಗುಣು ಅಂತಾರ್ರಿ. ಬಿಚ್ಚಿದ್ರ ಚಲೋ ಮಾತಾಡ್ತಾರ."

ಎಲ್ಲರೂ ಪಾಸಾಗುವುದಿಲ್ಲ. ಪಾಸಾದವರ ಹೆಸರು ನಾನು ಕೇಳುತ್ತ ಹೋದಾಗ ಶಾಲನ ನನ್ನನ್ನು ತಡೆದರು. "ಅಭಯನ ಬಗ್ಗೆ ಕೇಳ್ರಿ," ಎಂದರು. ಅಭಯ ಇಚಲಕರಂಜಿಯ ಹುಡುಗ. ಇಲ್ಲಿ ಎಲ್ಲರಿಗಿಂತ ಹೆಚ್ಚು ಕಾಲ ಕುಳಿತವನು. ಪರೀಕ್ಷೆಗಳನ್ನು ದಾಟಿದ, ಆದರೆ ವೈದ್ಯಕೀಯ ತಪಾಸಣೆಯಲ್ಲಿ ಕಣ್ಣಿನ ತೊಂದರೆ ಸಿಕ್ಕಿತು. ಹಾರುವ ದಾರಿ ಮುಚ್ಚಿತು. ಕೆಲವು ತಿಂಗಳು ಅವನು ಯಾರಿಗೂ ಮುಖ ತೋರಿಸಲಿಲ್ಲ. ಶಾಲನ ಅವನ ಮನೆಗೆ ಹೋಗಿ, ಪಾಠ ಕೇಳಲು ತಾವೊಬ್ಬರೇ ಸಾಲುತ್ತಿಲ್ಲ, ರವಿವಾರ ಬಾ ಎಂದು ಕರೆದರು. ಈಗ ಅಭಯ ಶಿರೋಳಿಯ ಒಂದು ಫೌಂಡ್ರಿಯಲ್ಲಿ ಸೂಪರ್‌ವೈಸರ್. ರವಿವಾರ ತಪ್ಪದೆ ಬಂದು, ಮಾವಶಿಯ ಪಕ್ಕದಲ್ಲಿ ಕುಳಿತು ಲೆಕ್ಕಗಳನ್ನು ಕೇಳುತ್ತಾನೆ. ತಪ್ಪಿದ್ದರೆ ಅವನು ಹೇಳುತ್ತಾನೆ. ತಿಳಿಯದಿದ್ದರೆ ಶಾಲನ ಹೇಳುತ್ತಾರೆ.

"ಮದಲ ಬ್ಯಾಡ ಅನಸಿತ್ರಿ," ಎನ್ನುತ್ತಾನೆ ಅಭಯ. "ನನಗ ಹಾರಾಕ ಆಗಲಿಲ್ಲ, ಬ್ಯಾರೆಯವರಿಗೆ ಯಾಕ ಹೇಳ್ಕೊಡ್ಲಿ ಅಂತ. ಆದ್ರ ಮಾವಶಿ ಕರಿಯಾಕ ಬಂದಾಗ ನಾ ಫೇಲ್ ಆದವ ಅನ್ನೂವಂಗ ನೋಡಲಿಲ್ಲ. ಕೆಲಸ ಐತಿ, ಬಾ ಅಂದ್ರು. ಅವತ್ತ ನನಗ ಅದ ಬೇಕಾಗಿತ್ತು."

ಹೊತ್ತು ಏರುತ್ತದೆ. ರಾತ್ರಿ ಪಾಳಿಯವರು ಮೈಮೇಲಿನ ಹತ್ತಿ ಝಾಡಿಸಿಕೊಳ್ಳುತ್ತ ಮನೆಗೆ ಹೋಗುತ್ತಿದ್ದಾರೆ. ಶಾಲನ ಜುಣಕ, ಭಾಕ್ರಿ ಮಾಡಿ ಇಟ್ಟಿದ್ದಾರೆ. ಒಳಗೆ ಸ್ವಪ್ನಿಲ ನಕಾಶೆ ಹರವಿದ್ದಾನೆ. ಇಷ್ಟು ವರ್ಷ, ಇಷ್ಟು ಮಕ್ಕಳ ಪಾಠ ಕೇಳಿದ್ದೀರಿ, ಈಗ ನಿಮಗೇ ವಿಮಾನದ ವಿದ್ಯೆ ಬಂದಿರಬೇಕಲ್ಲ ಎಂದು ನಾನು ಕೇಳುತ್ತೇನೆ.

ಶಾಲನ ನಗುತ್ತಾರೆ, ಸೆರಗು ಬಾಯಿಗೆ ಅಡ್ಡ ಹಿಡಿದು.

"ಏನೂ ಬಂದಿಲ್ರೀ. ಖರೇ ಹೇಳ್ತೇನಿ. ಹೇಳಿದಾಗ ತಿಳೀತೈತಿ, ಸಂಜಿಮುಂದ ಮರತು ಹೋಗ್ತೈತಿ. ಮರುದಿನ ಇನ್ನೊಬ್ಬರು ಅದನ್ನ ಹೇಳಿದ್ರ ಹೊಸಾದ ಅನಸ್ತೈತಿ. ಅದಕ ಬ್ಯಾಸರಿಲ್ಲದ ಕೇಳ್ತೇನಿ."

ನೀವು ಇವರಿಗೆಲ್ಲ ಇಷ್ಟು ಉಪಕಾರ ಮಾಡಿದ್ದೀರಿ ಎಂದರೆ ಅವರು ಕೈ ಅಡ್ಡ ಆಡಿಸುತ್ತಾರೆ.

"ಉಪಕಾರ ಅವರು ಮಾಡ್ಯಾರ್ರಿ. ಗಿರಣಿಯೊಳಗ ಇದ್ದಷ್ಟು ವರ್ಷ ನನ್ನ ಜೋಡಿ ಯಾರ ಮಾತಾಡತಿದ್ರು? ನೂಲು ತಾ, ಕಾಂಡಿ ತಾ, ಇಷ್ಟ. ಮನಿಗೆ ಬಂದ್ರ ನಮ್ಮನಿಯವರಿಗೂ ಕಿವಿ ಮಂದ. ಈಗ ನೋಡ್ರಿ. ಕಲ್ತ ಹುಡುಗೂರು, ಹುಡುಗ್ಯಾರು ಬಂದು, ನನ್ನ ಮಾರಿ ನೋಡಿ, ನನಗ ತಿಳೀಲಿ ಅಂತ ತಿಳಿಸಿ ಹೇಳ್ತಾರ. ಆಕಾಶ ಹೆಂಗೈತಿ, ಗಾಳಿ ಹೆಂಗ ಹರೀತೈತಿ, ಮೋಡ ಎಲ್ಲಿಂದ ಬರ್ತಾವ, ಎಲ್ಲಾ. ನನ್ನಂಥಾಕಿಗೆ ಯಾರ ಹೇಳ್ತಾರ್ರಿ ಇದನ್ನ?"

ಇನ್ನೇನಾದರೂ ಆಗಬೇಕು ಎನಿಸುತ್ತದೆಯೇ ಎಂದೆ.

"ನಮ್ಮ ಓಣಿಯೊಳಗ ಕಾಂಡಿ ಸುತ್ತೂ ಹೆಣ್ಣಮಕ್ಕಳ ಹುಡುಗ್ಯಾರು ಅದಾರ. ಹತ್ತನೇದು, ಹನ್ನೆರಡನೇದು. ಮನಿಯೊಳಗ ಅವರು ಓದಿದ್ದನ್ನ ಕೇಳವರಿಲ್ಲ. ಅವರವ್ವಂದಿರಿಗೆ ಹೇಳಾಕತ್ತೇನಿ, ದಿನಾ ಚೂರು ಹೊತ್ತು ಮಕ್ಕಳ ಎದುರಿಗೆ ಕುಂದರ್ರಿ ಅಂತ. ನಮಗೇನ ತಿಳೀತೈತಿ ಅಕ್ಕಾ ಅಂತಾರ. ತಿಳೀಬೇಕು ಅಂತ ಏನೈತ್ರಿ? ಓದಿದವರು ಅವರು, ಹಾರಿದವರು ಅವರು. ನಾ ಏನ ಮಾಡಿದೆ? ಎದುರಿಗೆ ಕುಂತೆ. ಎದ್ದು ಹೋಗಲಿಲ್ಲ, ಅಷ್ಟ."